ರಾಜ್ಯ ರಿಯಾಯಿತಿ ಕೊಟ್ಟಿತಂತೆ, ನಮ್ಮ ಶಾಲಾ ತೆರಿಗೆ ಏರಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಟೆಕ್ಸಾಸಿನಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ಒಂದು ಊರಿನಲ್ಲಿದ್ದೇವೆ. 2021ರ ನವೆಂಬರಿನಲ್ಲಿ ಮನೆ ಕೊಂಡೆವು. ಆಸ್ತಿ ತೆರಿಗೆಯಲ್ಲಿ ಶಾಲೆಯ ಪಾಲೇ ಎಲ್ಲಕ್ಕಿಂತ ದೊಡ್ಡದು. 2022ರಲ್ಲಿ 5,796 ಡಾಲರ್, 2023ರಲ್ಲಿ 4,860, 2024ರಲ್ಲಿ 5,353, 2025ರಲ್ಲಿ 5,088 ಬಂತು. ರಾಜ್ಯದವರು ಶತಕೋಟಿಗಟ್ಟಲೆ ತೆರಿಗೆ ರಿಯಾಯಿತಿ ಕೊಟ್ಟೆವು ಎನ್ನುತ್ತಾರೆ. ಅಕ್ಕಪಕ್ಕದ ಮನೆಯ ಬೆಲೆ ಏರದ 2024ರಲ್ಲಿ ನಮ್ಮ ಬಿಲ್ ಏರಿತು. ಇತ್ತ ಸ್ಕೂಲ್ ಡಿಸ್ಟ್ರಿಕ್ಟಿನವರು ದುಡ್ಡಿಲ್ಲ ಅಂತ ಅಳುತ್ತಾರೆ. ಜೊತೆಗೆ 'ನಿಮ್ಮ ತೆರಿಗೆಯ ಒಂದು ಪಾಲು ಬೇರೆ ಊರಿನ ಶಾಲೆಗೆ ಹೋಗುತ್ತದೆ' ಅಂತಲೂ ಹೇಳುತ್ತಾರೆ. ರಾಜ್ಯ ಕೊಟ್ಟ ದುಡ್ಡು ಹೋಗುವುದಾದರೂ ಎಲ್ಲಿಗೆ? ಇನ್ನೊಂದು: ಮಾವನವರಿಗೆ 68 ವರ್ಷ, ನಮ್ಮ ಜೊತೆಗೇ ಇದ್ದಾರೆ. ಅವರ ಹೆಸರಿನಲ್ಲಿ ಹೆಚ್ಚಿನ ವಿನಾಯಿತಿ ಸಿಗುತ್ತದೆಯೇ?

ಉತ್ತರ: ನೀವು ನಾಲ್ಕೂ ವರ್ಷದ ಬಿಲ್ ಕಳಿಸಿದ್ದು ಒಳ್ಳೆಯದಾಯಿತು. ಈ ಪ್ರಶ್ನೆ ಕೇಳುವವರು ಬಹಳ ಜನ, ಕಾಗದ ಕಳಿಸುವವರು ಕಡಿಮೆ. ಕಾಗದವಿಲ್ಲದೆ ಮಾತಾಡಿದರೆ ರಾಜಕೀಯವಾಗುತ್ತದೆ. ಆದ್ದರಿಂದ ಮೊದಲು ನಿಮ್ಮ ಬಿಲ್‌ಗಳನ್ನೇ ಬಿಡಿಸಿ ನೋಡೋಣ. ದರಗಳ ದಶಾಂಶದ ಬಾಲವನ್ನು ಕತ್ತರಿಸಿ ದುಂಡಾಗಿ ಬರೆದಿದ್ದೇನೆ.

2022ರಲ್ಲಿ ನಿಮ್ಮ ಮನೆಯ ಮೌಲ್ಯ 5 ಲಕ್ಷ ಡಾಲರ್. ಆಗ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ಸ್ವಂತ ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ ಕಳೆಯುವ ಮೊತ್ತ, 40 ಸಾವಿರ. ಉಳಿದ 4.6 ಲಕ್ಷಕ್ಕೆ ನೂರಕ್ಕೆ 1.26 ಡಾಲರಿನಂತೆ 5,796. 2023ರಲ್ಲಿ ಮಾರುಕಟ್ಟೆ ಮೌಲ್ಯ 6.2 ಲಕ್ಷಕ್ಕೆ ಜಿಗಿಯಿತು. ಆದರೆ ಸ್ವಂತ ವಾಸದ ಮನೆಯ ತೆರಿಗೆ ಮೌಲ್ಯವನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹೀಗಾಗಿ ಲೆಕ್ಕಕ್ಕೆ ಹಿಡಿದದ್ದು 5.5 ಲಕ್ಷ. ಅದೇ ವರ್ಷ ವಿನಾಯಿತಿ 1 ಲಕ್ಷಕ್ಕೆ ಏರಿತು, ದರ 1.08ಕ್ಕೆ ಇಳಿಯಿತು. 4.5 ಲಕ್ಷಕ್ಕೆ 4,860 ಡಾಲರ್.

ನಿಮ್ಮನ್ನು ಕೆರಳಿಸಿದ ವರ್ಷ 2024. ಮಾರುಕಟ್ಟೆ ಮೌಲ್ಯ ನಿಂತಲ್ಲೇ ನಿಂತಿತ್ತು, ಅದೇ 6.2 ಲಕ್ಷ. ಆದರೆ ನಿಮ್ಮ ತೆರಿಗೆ ಮೌಲ್ಯ ಇನ್ನೂ 5.5 ಲಕ್ಷದಲ್ಲಿತ್ತಲ್ಲ, ಅದು ತನ್ನ ಶೇಕಡಾ 10ನ್ನು ಏರಿ 6.05 ಲಕ್ಷ ಮುಟ್ಟಿತು. ಹಿಂದಿನ ವರ್ಷ ತಡೆಹಿಡಿದ ಏರಿಕೆ ಈ ವರ್ಷ ಕಂತಿನಲ್ಲಿ ಬಂತು. ಮಿತಿ ಎಂದರೆ ಮನ್ನಾ ಅಲ್ಲ, ಮುಂದೂಡಿಕೆ. ಊರಿನಲ್ಲಿ ಬೆಲೆ ನಿಂತ ಮೇಲೂ ಒಂದೆರಡು ವರ್ಷ ನಿಮ್ಮ ಬಿಲ್ ಏರುತ್ತಲೇ ಇರುವುದಕ್ಕೆ ಇದೇ ಕಾರಣ, ಅಧಿಕಾರಿಗಳ ಕುತಂತ್ರವಲ್ಲ. 2025ರಲ್ಲಿ ತೆರಿಗೆ ಮೌಲ್ಯ ಪೂರ್ತಿ 6.2 ಲಕ್ಷಕ್ಕೆ ಬಂದು ಸೇರಿತು, ವಿನಾಯಿತಿ 1.4 ಲಕ್ಷವಾಯಿತು. 4.8 ಲಕ್ಷಕ್ಕೆ 1.06ರಂತೆ 5,088.

ಈಗ ಇನ್ನೊಂದು ಲೆಕ್ಕ ಹಾಕಿ. 2022ರ ವಿನಾಯಿತಿ, 2022ರ ದರ ಹಾಗೇ ಇದ್ದು ಮೌಲ್ಯ ಮಾತ್ರ ಏರಿದ್ದರೆ 2025ರಲ್ಲಿ ನೀವು 5.8 ಲಕ್ಷಕ್ಕೆ 1.26ರಂತೆ 7,308 ಡಾಲರ್ ಕಟ್ಟಬೇಕಿತ್ತು. ಕಟ್ಟಿದ್ದು 5,088. ವ್ಯತ್ಯಾಸ 2,220 ಡಾಲರ್; ಅದರಲ್ಲಿ ವಿನಾಯಿತಿಯಿಂದ 1,260, ದರ ಇಳಿದದ್ದರಿಂದ 960. ರಿಯಾಯಿತಿ ಸಿಕ್ಕಿದೆ. ಮನೆಯ ಬೆಲೆ ಅದರ ಬಹುಪಾಲನ್ನು ನುಂಗಿದ್ದರಿಂದ ನಿಮ್ಮ ಕೈಗೆ ಕಾಣುತ್ತಿಲ್ಲ, ಅಷ್ಟೇ.

ಇಷ್ಟಕ್ಕೆ ನಿಲ್ಲಿಸಿದರೆ ನಾನು ರಾಜ್ಯ ಸರ್ಕಾರದ ವಕೀಲಿಕೆ ಮಾಡಿದಂತಾಗುತ್ತದೆ. ನಿಮ್ಮ ಪ್ರಶ್ನೆಯ ಎರಡನೆಯ ಅರ್ಧ ಇದಕ್ಕಿಂತ ಮುಖ್ಯವಾದದ್ದು: ಇಷ್ಟೆಲ್ಲ ದುಡ್ಡು ಬಂದರೂ ಶಾಲೆಗೇಕೆ ಇಲ್ಲ?

ಊರಿನಿಂದ ಬಂದ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. ಬೆಂಗಳೂರಿನ ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಎಲ್ಲ ನೋಡಿದ್ದೇವೆ. ಆದರೆ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ನಮ್ಮ ಬೀದಿಯ ಮನೆಗಳ ಬೆಲೆಯ ಮೇಲೆ ನಿಂತಿರುವುದಿಲ್ಲ, ಅದು ರಾಜ್ಯದ ಖಜಾನೆಯಿಂದ ಬರುತ್ತದೆ. ಟೆಕ್ಸಾಸಿನಲ್ಲಿ ಶಾಲಾ ಜಿಲ್ಲೆ ಎಂಬುದು ತನ್ನದೇ ಚುನಾಯಿತ ಮಂಡಳಿ, ತನ್ನದೇ ತೆರಿಗೆ ಅಧಿಕಾರ ಇರುವ ಬೇರೆಯೇ ಸ್ಥಳೀಯ ಸರ್ಕಾರ. ಅದರ ಗಡಿ ನಿಮ್ಮ ಊರಿನ ಗಡಿಯೂ ಅಲ್ಲ, ಕೌಂಟಿಯ ಗಡಿಯೂ ಅಲ್ಲ.

ಒಂದು ಕೊಡ, ಎರಡು ನಲ್ಲಿ ಎಂದುಕೊಳ್ಳಿ. ಕೊಡದ ಗಾತ್ರವನ್ನು ನಿಗದಿ ಮಾಡುವುದು ರಾಜಧಾನಿ ಆಸ್ಟಿನ್‌ನಲ್ಲಿ ಕೂರುವ ಶಾಸಕಾಂಗ. ಒಬ್ಬ ವಿದ್ಯಾರ್ಥಿಗೆ ಇಷ್ಟು ಎಂದು ಒಂದು ಮೂಲ ಮೊತ್ತ ಇದೆ, ಅದಕ್ಕೆ ಬೇಸಿಕ್ ಅಲಾಟ್‌ಮೆಂಟ್ ಎನ್ನುತ್ತಾರೆ. ಬಡ ಮನೆಯ ಮಗು, ಇಂಗ್ಲಿಷ್ ಕಲಿಯುತ್ತಿರುವ ಮಗು, ವಿಶೇಷ ಶಿಕ್ಷಣ ಬೇಕಾದ ಮಗು ಇದ್ದರೆ ಅದರ ಮೇಲೆ ಒಂದಿಷ್ಟು ಸೇರುತ್ತದೆ. ಎಲ್ಲ ಕೂಡಿ ಆ ಜಿಲ್ಲೆಗೆ ಸಲ್ಲಬೇಕಾದ ಮೊತ್ತ, ಅಂದರೆ ಕೊಡದ ಗಾತ್ರ. ಇದಕ್ಕೆ ಮೊದಲು ತಿರುಗಿಸುವ ನಲ್ಲಿ ನಿಮ್ಮ ಆಸ್ತಿ ತೆರಿಗೆ. ಅದು ಎಷ್ಟು ತುಂಬಿಸುತ್ತದೋ ತುಂಬಿಸಲಿ, ಉಳಿದ ಜಾಗವನ್ನು ರಾಜ್ಯದ ನಲ್ಲಿ ತುಂಬಿಸುತ್ತದೆ. ಅದೇ ರಾಜ್ಯದ ಅನುದಾನ.

ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಮ್ಮ ಊರಿನ ಮನೆಗಳ ಬೆಲೆ ಏರಿತು ಎನ್ನಿ. ಸ್ಥಳೀಯ ನಲ್ಲಿಯಿಂದ ಹೆಚ್ಚು ನೀರು ಬಂತು, ರಾಜ್ಯ ತನ್ನ ನಲ್ಲಿಯನ್ನು ಅಷ್ಟೇ ತಿರುಗಿಸಿ ಮುಚ್ಚಿತು. ಕೊಡದಲ್ಲಿ ನೀರು ಅಷ್ಟೇ. ನೀವು ಹೆಚ್ಚು ಕಟ್ಟಿದಿರಿ, ಶಾಲೆಗೆ ಹೆಚ್ಚು ಸಿಗಲಿಲ್ಲ, ಉಳಿತಾಯವಾದದ್ದು ರಾಜ್ಯದ ಖಜಾನೆಗೆ. ಈಗ ತಿರುಗಿಸಿ ನೋಡಿ: ರಾಜ್ಯ ತೆರಿಗೆ ರಿಯಾಯಿತಿ ಕೊಟ್ಟಿತು. ನಿಮ್ಮ ನಲ್ಲಿ ಸಣ್ಣದಾಯಿತು, ರಾಜ್ಯದ ನಲ್ಲಿ ದೊಡ್ಡದಾಯಿತು. ಕೊಡದಲ್ಲಿ ನೀರು ಆಗಲೂ ಅಷ್ಟೇ. ಪತ್ರಿಕೆಯಲ್ಲಿ 'ಶಾಲೆಗಳಿಗೆ ರಾಜ್ಯದ ಹಣ ದಾಖಲೆ ಮಟ್ಟಕ್ಕೆ' ಎಂಬ ಸುದ್ದಿ ಬರುತ್ತದೆ. ಅದು ಸುಳ್ಳಲ್ಲ. ಅದೇ ವಾರ ನಿಮ್ಮ ಮಗಳ ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ರದ್ದಾಗುತ್ತದೆ. ಅದೂ ಸುಳ್ಳಲ್ಲ. ಹೆಚ್ಚಿದ ಆ ರಾಜ್ಯದ ಹಣದಲ್ಲಿ ದೊಡ್ಡ ಪಾಲು ನಿಮ್ಮ ಕೈಯಿಂದ ಕಡಿಮೆಯಾದ ತೆರಿಗೆಯ ಜಾಗಕ್ಕೆ ಬಂದು ಕೂತದ್ದು. ಶಾಲೆಗೆ ಹೊಸದಾಗಿ ಸೇರಿದ್ದಲ್ಲ.

'ರಾಜ್ಯ ಸಹಾಯ' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ. ಕೊಡವನ್ನು ದೊಡ್ಡದು ಮಾಡುವ ಹಣ ಒಂದು. ನಿಮ್ಮ ನಲ್ಲಿಯನ್ನು ಸಣ್ಣದು ಮಾಡುವ ಹಣ ಇನ್ನೊಂದು. ಮೊದಲನೆಯದು ಶಾಲೆಯ ಪಾಲಿನದು, ಎರಡನೆಯದು ಮನೆಯವರ ಪಾಲಿನದು. ಭಾಷಣದಲ್ಲಿ ಎರಡನ್ನೂ ಕೂಡಿಸಿ ಹೇಳುತ್ತಾರೆ. ನೀವು ಬೇರೆ ಮಾಡಿ ಕೇಳಿ.

ಕೊಡದ ಗಾತ್ರ ಏನಾಯಿತು ನೋಡಿ. 2019ರಲ್ಲಿ ಮೂಲ ಮೊತ್ತವನ್ನು ವಿದ್ಯಾರ್ಥಿಗೆ 6,160 ಡಾಲರಿಗೆ ಏರಿಸಿದರು. ಆಮೇಲೆ 2025ರ ತನಕ ಅದನ್ನು ಮುಟ್ಟಲಿಲ್ಲ. ಅಷ್ಟರೊಳಗೆ ದೇಶದಲ್ಲಿ ಬೆಲೆಗಳು ಐದನೇ ಒಂದಕ್ಕಿಂತ ಹೆಚ್ಚು ಏರಿದ್ದವು. ಮೊಟ್ಟೆ, ಬಸ್ಸಿನ ಡೀಸೆಲ್, ವಿಮೆ ಯಾವುದೂ 2019ರಲ್ಲಿ ನಿಂತಿರಲಿಲ್ಲ. 2023ರಲ್ಲಿ ರಾಜ್ಯದ ಕೈಯಲ್ಲಿ 32 ಬಿಲಿಯನ್ ಡಾಲರ್ ದಾಟಿದ ಮಿಗತೆ ಇತ್ತು. ಅದರ ಬೆನ್ನಲ್ಲೇ 18 ಬಿಲಿಯನ್, ಅಂದರೆ 1,800 ಕೋಟಿ ಡಾಲರಿನ ಆಸ್ತಿ ತೆರಿಗೆ ಪ್ಯಾಕೇಜು ಬಂತು, ಆದರೆ ಮೂಲ ಮೊತ್ತಕ್ಕೆ ಒಂದು ಡಾಲರೂ ಸೇರಲಿಲ್ಲ. ಖಾಸಗಿ ಶಾಲೆಯ ವೋಚರ್, ಅಂದರೆ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರವೇ ಹಣ ಕೊಡುವ ವಿಷಯದಲ್ಲಿ ರಾಜ್ಯಪಾಲರಿಗೂ ಕೆಳಮನೆಗೂ ಜಗಳ ಬಿದ್ದು ಶಾಲಾ ಅನುದಾನದ ಮಸೂದೆ ಆ ವರ್ಷ ಮುಳುಗಿತು. (ಇಲ್ಲಿ ರಾಜ್ಯಪಾಲ ಎಂದರೆ ಜನ ಆರಿಸಿದ ಗವರ್ನರ್, ನಮ್ಮ ರಾಜಭವನದವರಂತೆ ಅಲ್ಲ.) 2025ರಲ್ಲಿ ಸುಮಾರು 8.5 ಬಿಲಿಯನ್ ಡಾಲರಿನ ಶಾಲಾ ಮಸೂದೆ ಪಾಸಾಯಿತು. ಅದರಲ್ಲೂ ಮೂಲ ಮೊತ್ತಕ್ಕೆ ಸೇರಿದ್ದು ವಿದ್ಯಾರ್ಥಿಗೆ 55 ಡಾಲರ್ ಮಾತ್ರ, 6,215 ಆಯಿತು. ಉಳಿದದ್ದರಲ್ಲಿ ದೊಡ್ಡ ಭಾಗ ಶಿಕ್ಷಕರ ಸಂಬಳಕ್ಕೆಂದೇ ಮೀಸಲು. ನಿಮ್ಮದರಂತಹ ದೊಡ್ಡ ಜಿಲ್ಲೆಗಳಲ್ಲಿ ಮೂರು-ನಾಲ್ಕು ವರ್ಷ ಅನುಭವದವರಿಗೆ 2,500 ಡಾಲರ್, ಐದು ವರ್ಷ ತುಂಬಿದವರಿಗೆ 5,000. ಮೇಷ್ಟ್ರಿಗೆ ಸಿಕ್ಕಿತಲ್ಲ, ಸಂತೋಷ. ಆದರೆ ಆ ಹಣದಲ್ಲಿ ಕರೆಂಟ್ ಬಿಲ್ ಕಟ್ಟುವಂತಿಲ್ಲ.

ಕೊಡದ ಗಾತ್ರಕ್ಕೆ ಇನ್ನೊಂದು ಗುಟ್ಟಿದೆ, ಅದು ನಮ್ಮವರಿಗೆ ಸ್ವಲ್ಪ ಚುಚ್ಚುತ್ತದೆ. ಟೆಕ್ಸಾಸ್ ಮಕ್ಕಳ ದಾಖಲಾತಿಯನ್ನು ಎಣಿಸುವುದಿಲ್ಲ, ಸರಾಸರಿ ಹಾಜರಿಯನ್ನು ಎಣಿಸುತ್ತದೆ. ಮೂಲ ಮೊತ್ತವನ್ನು ವರ್ಷದ ಸುಮಾರು 175 ಶಾಲಾ ದಿನಗಳಿಗೆ ಹಂಚಿದರೆ ಮಗುವಿಗೆ ದಿನಕ್ಕೆ ಸುಮಾರು 35 ಡಾಲರ್. ಡಿಸೆಂಬರಿನಲ್ಲಿ ಟಿಕೆಟ್ ಅಗ್ಗ ಎಂದು ರಜೆಗೆ ಒಂದು ವಾರ ಮೊದಲೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹಾರಿದರೆ ಶಾಲೆಯ ಕೊಡ 350 ಡಾಲರಿನಷ್ಟು ಸಣ್ಣದಾಯಿತು. 2025ರಲ್ಲಿ ವಿನಾಯಿತಿ 40 ಸಾವಿರ ಹೆಚ್ಚಿದ್ದರಿಂದ ನಿಮಗೆ ಉಳಿದದ್ದು 424 ಡಾಲರ್. ಅಜ್ಜಿ-ತಾತನನ್ನು ನೋಡಬೇಡಿ ಎನ್ನುತ್ತಿಲ್ಲ, ನಾನೂ ಹೀಗೆ ಹೋದವಳೇ. ಆದರೆ ಪೇರೆಂಟ್-ಟೀಚರ್ ಸಭೆಯಲ್ಲಿ 'ದುಡ್ಡೆಲ್ಲಿ ಹೋಯಿತು' ಎಂದು ಕೇಳುವಾಗ ಇದೂ ನೆನಪಿರಲಿ.

ಹಾಜರಿಯ ಲೆಕ್ಕ ಒಂದೊಂದು ವಾರದ ರಜೆಯಲ್ಲಿ ಮುಗಿಯುವುದಿಲ್ಲ. ಹಳೆಯ ಉಪನಗರಗಳಲ್ಲಿ ಮಕ್ಕಳು ದೊಡ್ಡವರಾಗಿ ಹೊರಟುಹೋಗಿದ್ದಾರೆ, ಮನೆಯ ಬೆಲೆ ಎಳೆಯ ದಂಪತಿಗಳ ಕೈಗೆ ಎಟುಕುತ್ತಿಲ್ಲ. ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೋ ಶಾಲಾ ಜಿಲ್ಲೆ 2024ರಲ್ಲಿ ನಾಲ್ಕು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಆಸ್ತಿಯ ಮೌಲ್ಯ ಆಕಾಶದಲ್ಲಿರುವ ಊರಿನಲ್ಲೇ ಶಾಲೆಗೆ ಬೀಗ. ಮನೆಯ ಬೆಲೆ ಶಾಲೆಯ ಕೊಡವನ್ನು ಒಂದಿಂಚೂ ದೊಡ್ಡದು ಮಾಡುವುದಿಲ್ಲ ಎಂಬುದು ಈಗ ಗೊತ್ತಿರುವುದರಿಂದ ನಿಮಗೆ ಇದು ವಿಚಿತ್ರವೆನಿಸಲಾರದು.

ಇನ್ನು 'ನಿಮ್ಮ ತೆರಿಗೆ ಬೇರೆ ಊರಿಗೆ ಹೋಗುತ್ತದೆ' ಎಂಬ ಮಾತು. ಇದು ರೀಕ್ಯಾಪ್ಚರ್, ಜನರ ಬಾಯಲ್ಲಿ 'ರಾಬಿನ್ ಹುಡ್'. ಸ್ಥಳೀಯ ನಲ್ಲಿಯೊಂದರಿಂದಲೇ ಕೊಡ ತುಂಬಿ ಹೊರಚೆಲ್ಲಿದರೆ ಆ ಚೆಲ್ಲಿದ ನೀರನ್ನು ರಾಜ್ಯ ತೆಗೆದುಕೊಳ್ಳುತ್ತದೆ. ಆಸ್ಟಿನ್ ಜಿಲ್ಲೆ ವರ್ಷಗಳಿಂದ ಇದರಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟುತ್ತ ಬಂದಿದೆ, ಪ್ಲೇನೋ ಕೂಡ ಬಹಳ ಕಾಲದಿಂದ ಕಟ್ಟಿದೆ. ಹ್ಯೂಸ್ಟನ್ನಿನಲ್ಲಿ ಬಡ ಮಕ್ಕಳೇ ಹೆಚ್ಚು, ಆದರೂ ನಗರದ ಕಚೇರಿ ಕಟ್ಟಡಗಳ ಬೆಲೆಯಿಂದಾಗಿ ಅದೂ 'ಶ್ರೀಮಂತ' ಜಿಲ್ಲೆಯಾಯಿತು. 2016ರ ನವೆಂಬರಿನಲ್ಲಿ ಅಲ್ಲಿನ ಮತದಾರರು ಕೊಡುವುದಿಲ್ಲ ಎಂದು ಮತ ಹಾಕಿದರು. ಹಾಗಾದರೆ ನಿಮ್ಮ ವಾಣಿಜ್ಯ ಕಟ್ಟಡಗಳನ್ನೇ ಬೇರೆ ಜಿಲ್ಲೆಯ ತೆರಿಗೆ ಪಟ್ಟಿಗೆ ಸೇರಿಸುತ್ತೇವೆ ಎಂಬ ಸ್ಥಿತಿ ಬಂದಾಗ 2017ರ ಮೇನಲ್ಲಿ ಒಪ್ಪಿಕೊಂಡರು.

ಇದನ್ನು ಅನ್ಯಾಯ ಎನ್ನುವ ಮೊದಲು ಇದು ಬಂದ ದಾರಿಯನ್ನೂ ಕೇಳಿ. 1960ರ ದಶಕದ ಕೊನೆಯಲ್ಲಿ ಸ್ಯಾನ್ ಆಂಟೋನಿಯೋ ನಗರದ ಎಡ್ಜ್‌ವುಡ್ ಎಂಬ ಬಡ, ಹೆಚ್ಚಾಗಿ ಮೆಕ್ಸಿಕನ್ ಮೂಲದವರಿದ್ದ ಜಿಲ್ಲೆಯಲ್ಲಿ ತೆರಿಗೆ ದರ ಆ ನಗರ ಪ್ರದೇಶದಲ್ಲೇ ಅತಿ ಹೆಚ್ಚು. ಅಷ್ಟು ಹಿಂಡಿದರೂ ಸ್ಥಳೀಯ ತೆರಿಗೆಯಿಂದ ಮಗುವಿಗೆ ಸಿಗುತ್ತಿದ್ದುದು 26 ಡಾಲರ್. ಅದೇ ನಗರದ ಆಲಮೋ ಹೈಟ್ಸ್‌ನಲ್ಲಿ ದರ ಕಡಿಮೆ, ಮಗುವಿಗೆ 333 ಡಾಲರ್. ಡಿಮೆಟ್ರಿಯೋ ರಾಡ್ರಿಗೆಸ್ ಎಂಬ ತಂದೆ ಉಳಿದ ಪೋಷಕರೊಂದಿಗೆ ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5–4 ಮತಗಳಿಂದ ಸೋತರು. ಶಿಕ್ಷಣ ಕೇಂದ್ರ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದಿತು ಕೋರ್ಟು. ಹದಿನಾರು ವರ್ಷದ ಮೇಲೆ, 1989ರಲ್ಲಿ, ಅದೇ ಎಡ್ಜ್‌ವುಡ್ ಹೂಡಿದ ಇನ್ನೊಂದು ಮೊಕದ್ದಮೆಯಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟ್ ರಾಜ್ಯದ ಸಂವಿಧಾನವನ್ನು ಮುಂದಿಟ್ಟುಕೊಂಡು ಈ ವ್ಯವಸ್ಥೆ ನಿಲ್ಲದು ಎಂದು ಒಮ್ಮತದಿಂದ ಹೇಳಿತು. ಶಾಸಕಾಂಗ ಎರಡು-ಮೂರು ಸಲ ಎಡವಿ, 1993ರಲ್ಲಿ ರೀಕ್ಯಾಪ್ಚರ್ ತಂದಿತು. ನಾನಂತೂ ಅದರ ಮೂಲ ತತ್ವದ ಪರ. ಒಂದೇ ನಗರದ ಎರಡು ಮಗ್ಗುಲಲ್ಲಿ 26 ಮತ್ತು 333 ಎಂಬುದನ್ನು ಯಾವ ತರ್ಕದಿಂದಲೂ ಸಮರ್ಥಿಸಲಾಗದು. ನನ್ನ ತಕರಾರು ಬೇರೆ. ಚೆಲ್ಲಿದ ನೀರು ಬಡ ಜಿಲ್ಲೆಯ ಕೊಡಕ್ಕೆ ಹೆಚ್ಚುವರಿಯಾಗಿ ಬೀಳುತ್ತದೆ ಎಂದು ಜನ ತಿಳಿದಿದ್ದಾರೆ. ಆ ಬಡ ಜಿಲ್ಲೆಯ ಕೊಡದ ಗಾತ್ರವೂ ಅದೇ ಸೂತ್ರದಿಂದ ನಿಗದಿಯಾದದ್ದು. ನಿಮ್ಮ ಹಣ ಅಲ್ಲಿಗೆ ಹೋದಷ್ಟೂ ರಾಜ್ಯ ತನ್ನ ಜೇಬಿನಿಂದ ಹಾಕಬೇಕಾದದ್ದು ಕಡಿಮೆಯಾಗುತ್ತದೆ.

ರಿಯಾಯಿತಿ ಬಂದಾಗ ಈ ಜಿಲ್ಲೆಗಳಲ್ಲಿ ಏನಾಗುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ: ನಲ್ಲಿ ಸಣ್ಣದಾಗುತ್ತದೆ, ಹೊರಚೆಲ್ಲುವುದು ಕಡಿಮೆಯಾಗುತ್ತದೆ, ರಾಜ್ಯಕ್ಕೆ ಕಳಿಸುವ ಚೆಕ್ಕು ಚಿಕ್ಕದಾಗುತ್ತದೆ. ಜಿಲ್ಲೆಯ ಒಳಗಿನ ಖರ್ಚಿನ ದುಡ್ಡು ಇದ್ದಷ್ಟೇ.

ನಿಮ್ಮ ದರ 1.26ರಿಂದ 1.06ಕ್ಕೆ ಇಳಿದದ್ದು ಹೇಗೆ ಎಂಬುದನ್ನೂ ಹೇಳಬೇಕು, ಏಕೆಂದರೆ ವಿನಾಯಿತಿಗೆ ಸಿಗುವ ಪ್ರಚಾರ ಇದಕ್ಕೆ ಸಿಗುವುದಿಲ್ಲ. ನಿಮ್ಮ ಶಾಲಾ ತೆರಿಗೆ ದರದಲ್ಲಿ ಎರಡು ಭಾಗ. ಒಂದು ನಿರ್ವಹಣೆಯದು: ಸಂಬಳ, ಬಸ್ಸು, ಕರೆಂಟು. ಬಿಲ್ಲಿನಲ್ಲಿ ಎಂ ಅಂಡ್ ಓ. ಇನ್ನೊಂದು ಸಾಲದ್ದು: ಕಟ್ಟಡ ಕಟ್ಟಲು ತೆಗೆದ ಬಾಂಡ್‌ಗಳ ಅಸಲು-ಬಡ್ಡಿ. ಅದು ಐ ಅಂಡ್ ಎಸ್. ನಾನು ಇಲ್ಲಿಯವರೆಗೆ ಹೇಳಿದ ಕೊಡ, ನಲ್ಲಿ, ರಾಬಿನ್ ಹುಡ್ ಎಲ್ಲ ಮೊದಲನೆಯ ಭಾಗಕ್ಕೆ ಸೇರಿದ್ದು. 2005ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಆಗ ನಿರ್ವಹಣೆ ದರದ ಗರಿಷ್ಠ ಮಿತಿ 1.50 ಡಾಲರ್. ಬಹುಪಾಲು ಜಿಲ್ಲೆಗಳು ಆ ಮಿತಿಗೆ ತಲೆ ತಾಗಿಸಿಕೊಂಡು ನಿಂತಿದ್ದವು, ಬೇರೆ ದಾರಿಯೇ ಇರಲಿಲ್ಲ. ಆಯ್ಕೆಯೇ ಇಲ್ಲವೆಂದ ಮೇಲೆ ಇದು ಸ್ಥಳೀಯ ತೆರಿಗೆ ಹೇಗಾದೀತು, ಇದು ರಾಜ್ಯವೇ ಹಾಕಿದ ಆಸ್ತಿ ತೆರಿಗೆ, ಟೆಕ್ಸಾಸಿನ ಸಂವಿಧಾನ ಅದನ್ನು ನಿಷೇಧಿಸಿದೆ ಎಂದಿತು ಕೋರ್ಟು. 2006ರಲ್ಲಿ ದರವನ್ನು ಮೂರನೇ ಒಂದರಷ್ಟು ಇಳಿಸಿ ಆ ಜಾಗಕ್ಕೆ ರಾಜ್ಯದ ಹಣ ತುಂಬಿದರು. ಹೀಗೆ ದರವನ್ನು ಒತ್ತಿ ಕುಗ್ಗಿಸುವುದಕ್ಕೆ 'ಕಂಪ್ರೆಷನ್' ಎಂಬ ಹೆಸರು ಬಿತ್ತು. 2019ರ ಕಾನೂನು ಇದನ್ನು ತಾನಾಗಿ ನಡೆಯುವಂತೆ ಮಾಡಿತು: ಆಸ್ತಿ ಮೌಲ್ಯ ವರ್ಷಕ್ಕೆ ಶೇಕಡಾ 2.5ಕ್ಕಿಂತ ವೇಗವಾಗಿ ಏರಿದರೆ ನಿರ್ವಹಣೆ ದರದ ಬುನಾದಿಯಾದ ಮೂಲ ದರ ಅದಕ್ಕೆ ತಕ್ಕಂತೆ ಇಳಿಯುತ್ತದೆ. 2023ರಲ್ಲಿ ರಾಜ್ಯ ಅದರ ಮೇಲೆ ಇನ್ನೂ ಸುಮಾರು 10.7 ಸೆಂಟ್ ಒತ್ತಿತು. ಆ ವರ್ಷ ಮೂಲ ದರ ರಾಜ್ಯದಾದ್ಯಂತ 0.6192ರಿಂದ 0.6880ರ ನಡುವೆ ಬಂದು ನಿಂತಿತು. ಒಂದು ಜಿಲ್ಲೆಯ ದರ ಇನ್ನೊಂದರ ಶೇಕಡಾ 90ಕ್ಕಿಂತ ಕೆಳಗೆ ಇಳಿಯಬಾರದು ಎಂಬ ನಿಯಮದಿಂದ.

ಒಂದು ವ್ಯತ್ಯಾಸ ಗಮನಿಸಿ. ವಿನಾಯಿತಿ ಸಿಗುವುದು ಸ್ವಂತ ವಾಸದ ಮನೆಗೆ ಮಾತ್ರ, ಮತ್ತು 4 ಲಕ್ಷದ ಮನೆಗೂ 14 ಲಕ್ಷದ ಮನೆಗೂ ಅದೇ 1.4 ಲಕ್ಷ, ಆದ್ದರಿಂದ ಸಣ್ಣ ಮನೆಯವರಿಗೆ ಪಾಲು ದೊಡ್ಡದು. ದರ ಇಳಿಕೆ ಹಾಗಲ್ಲ, ಅದು ಎಲ್ಲ ಆಸ್ತಿಗೂ: ಮಾಲ್, ಗೋದಾಮು, ತೈಲ ಸಂಸ್ಕರಣಾಗಾರ, ನೀವು ಬಾಡಿಗೆಗೆ ಕೊಟ್ಟಿರುವ ಎರಡನೆಯ ಮನೆ. ಬಾಡಿಗೆಯಲ್ಲಿರುವವರ ಹೆಸರಿಗೆ ಎರಡೂ ಬರುವುದಿಲ್ಲ. ಈ ಎರಡರ ನಡುವೆ ಎಷ್ಟೆಷ್ಟು ಹಂಚಬೇಕು ಎಂಬುದೇ 2023ರಲ್ಲಿ ಟೆಕ್ಸಾಸಿನ ಎರಡು ಸದನಗಳು ತಿಂಗಳುಗಟ್ಟಲೆ ಕಾದಾಡಿದ ವಿಷಯ.

ಈ ರಿಯಾಯಿತಿಯ ದುಡ್ಡು ಯಾರದು? ಟೆಕ್ಸಾಸಿನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ. ರಾಜ್ಯದ ಖಜಾನೆಗೆ ದೊಡ್ಡ ಆಧಾರ ಮಾರಾಟ ತೆರಿಗೆ, 6.25 ಶೇಕಡಾ, ಸ್ಥಳೀಯವಾಗಿ ಇನ್ನೂ 2ರವರೆಗೆ ಸೇರಿ ನೀವು ಅಂಗಡಿಯಲ್ಲಿ ಕೊಡುವುದು 8.25. ಜೊತೆಗೆ ತೈಲ, ಅನಿಲ ತೆಗೆಯುವುದರ ಮೇಲಿನ ತೆರಿಗೆ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವ, ನಿನ್ನೆ ಮೊನ್ನೆ ಬಂದ ಹುಡುಗ ಸೋಫಾ ಕೊಂಡಾಗ ಕೊಟ್ಟ ತೆರಿಗೆಯಲ್ಲೂ ಒಂದು ತುಣುಕು ನಿಮ್ಮ ವಿನಾಯಿತಿಗೆ ಸೇರಿದೆ. ತೈಲ ಬೆಲೆ ಚೆನ್ನಾಗಿರುವಾಗ ಇದು ಯಾರಿಗೂ ಭಾರವಲ್ಲ. ಆದರೆ ವಿನಾಯಿತಿಯನ್ನು ಸಂವಿಧಾನದಲ್ಲಿ ಬರೆದಿಡುತ್ತಾರೆ, 1 ಲಕ್ಷದ್ದನ್ನು 2023ರ ನವೆಂಬರಿನಲ್ಲಿ, 1.4 ಲಕ್ಷದ್ದನ್ನು 2025ರ ನವೆಂಬರಿನಲ್ಲಿ ಮತದಾರರು ಒಪ್ಪಿದ್ದು ಹಾಗೆಯೇ. ತೈಲ ಬೆಲೆಯನ್ನು ಹಾಗೆ ಬರೆದಿಡಲಾಗುವುದಿಲ್ಲ. ಮಾರಾಟ ತೆರಿಗೆ ಒಂದೆರಡು ವರ್ಷ ಸೊರಗಿದರೆ ರಾಜ್ಯದ ನಲ್ಲಿ ಎಷ್ಟು ಗಟ್ಟಿ ಎಂಬುದು ಆಗ ಗೊತ್ತಾಗುತ್ತದೆ. ನನಗೆ ಈ ವ್ಯವಸ್ಥೆಯಲ್ಲಿ ನಿಜವಾಗಿ ಭಯವಿರುವುದು ಇದೊಂದೇ ಕಡೆ.

ಶಾಲಾ ಮಂಡಳಿಗೆ ತನ್ನ ಕೊಡವನ್ನು ತಾನೇ ಸ್ವಲ್ಪ ದೊಡ್ಡದು ಮಾಡಿಕೊಳ್ಳುವ ದಾರಿ ಇದೆ. ಮೂಲ ದರದ ಮೇಲೆ ಗರಿಷ್ಠ 17 ಸೆಂಟ್ ಹಾಕಬಹುದು. ಮೊದಲ 8ಕ್ಕೆ 'ಚಿನ್ನದ ಪೆನ್ನಿ' ಎಂಬ ಅಡ್ಡಹೆಸರು. ಅದರಿಂದ ಬಂದ ಹಣಕ್ಕೆ ರಾಬಿನ್ ಹುಡ್ ಕೈ ಹಾಕುವುದಿಲ್ಲ. ಉಳಿದ 9 'ತಾಮ್ರದ ಪೆನ್ನಿ'. ಅದರಲ್ಲಿ ಶ್ರೀಮಂತ ಜಿಲ್ಲೆಗಳ ಪಾಲು ಮತ್ತೆ ಹೊರಗೆ ಹೋಗುತ್ತದೆ. ಒಂದು ಮಿತಿ ದಾಟಿದರೆ ಮತದಾರರನ್ನು ಕೇಳಬೇಕು. ನಿಮ್ಮ ಜಿಲ್ಲೆ ಅಂಥ ಚುನಾವಣೆಗೆ ಹೋದರೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಕೇಳುತ್ತಿರುವುದು ಚಿನ್ನದ ಪೆನ್ನಿಯೋ, ತಾಮ್ರದ್ದೋ? ಚಿನ್ನದ್ದಾದರೆ ನಿಮ್ಮ ಡಾಲರ್ ನಿಮ್ಮ ಮಗಳ ಶಾಲೆಯಲ್ಲೇ ಉಳಿಯುತ್ತದೆ. ಪೌರತ್ವ ಇನ್ನೂ ಬಂದಿಲ್ಲದಿದ್ದರೆ ಮತ ಹಾಕಲಾಗದು, ನಿಜ. ಆದರೆ ಬಜೆಟ್ ವಿಚಾರಣೆಯಲ್ಲಿ ಎದ್ದು ನಿಂತು ಕೇಳಲು ಪಾಸ್‌ಪೋರ್ಟ್ ತೋರಿಸಬೇಕಾಗಿಲ್ಲ. ಬಾಂಡಿನ ಮತಪತ್ರದಲ್ಲಿ 'ಇದು ಆಸ್ತಿ ತೆರಿಗೆ ಏರಿಕೆ' ಎಂಬ ಸಾಲು ದಪ್ಪಕ್ಷರದಲ್ಲಿ ಕಂಡರೆ ಗಾಬರಿಯಾಗಬೇಡಿ. 2019ರಿಂದ ಆ ಸಾಲನ್ನು ಎಲ್ಲ ಶಾಲಾ ಬಾಂಡುಗಳಿಗೂ ಹಾಕಲೇಬೇಕು, ದರ ಒಂದು ಸೆಂಟೂ ಏರದಿದ್ದರೂ.

ನಿಮ್ಮ ಮನೆಯ ಮಟ್ಟಿಗೆ ಕೆಲವು ಮಾತು. ಹೋಮ್‌ಸ್ಟೆಡ್ ಅರ್ಜಿಗೆ ಪೌರತ್ವ ಬೇಡ. ಎಚ್‌-1ಬಿಯಲ್ಲಿ ಇರುವವರಿಗೂ ಸಿಗುತ್ತದೆ. ಜನ ಎಡವುವುದು ಡ್ರೈವಿಂಗ್ ಲೈಸೆನ್ಸಿನಲ್ಲಿ. ಅದರ ಮೇಲೆ ಹಳೆಯ ಅಪಾರ್ಟ್‌ಮೆಂಟಿನ ವಿಳಾಸವಿದ್ದರೆ ಅರ್ಜಿ ವಾಪಸು ಬರುತ್ತದೆ. ಮರೆತಿದ್ದವರು ಹಿಂದಿನ ಎರಡು ವರ್ಷಗಳಿಗೂ ತಡವಾಗಿ ಅರ್ಜಿ ಹಾಕಬಹುದು. ಒಮ್ಮೆ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ. 2024ರಿಂದ ಕೌಂಟಿಯ ಮೌಲ್ಯಮಾಪನ ಕಚೇರಿ ಐದು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ಮಾಡಬೇಕು, ಅವರ ಕಾಗದವನ್ನು ಜಾಹೀರಾತೆಂದು ಕಸದ ಬುಟ್ಟಿಗೆ ಹಾಕಿ ವಿನಾಯಿತಿ ಕಳೆದುಕೊಂಡವರು ಇದ್ದಾರೆ. ಅರ್ಜಿ ಹಾಕುವುದು ಪೂರ್ತಿ ಉಚಿತ. 'ನಿಮ್ಮ ಪರವಾಗಿ ಹಾಕಿಕೊಡುತ್ತೇವೆ, ಇಷ್ಟು ಡಾಲರ್' ಎಂದು ಅಂಚೆಯಲ್ಲಿ ಬರುವ ಪತ್ರವನ್ನು ಧಾರಾಳವಾಗಿ ಬುಟ್ಟಿಗೆ ಹಾಕಿ.

ಏಪ್ರಿಲಿನ ಹೊತ್ತಿಗೆ ಮೌಲ್ಯದ ನೋಟಿಸು ಬರುತ್ತದೆ, ಒಪ್ಪದಿದ್ದರೆ ಮೇ 15ರೊಳಗೆ, ಅಥವಾ ನೋಟಿಸು ತಡವಾಗಿದ್ದರೆ 30 ದಿನದೊಳಗೆ ತಕರಾರು ಹಾಕಬಹುದು. 'ತಕರಾರು ಹಾಕಿದರೆ ಮಕ್ಕಳ ಶಾಲೆಗೆ ಮೋಸ ಮಾಡಿದಂತಲ್ಲವೇ?' ಎಂದು ಕೆಲವರು ಅಳುಕುತ್ತಾರೆ. ಒಬ್ಬರ ಮೌಲ್ಯ ಇಳಿದರೆ ಆ ಜಾಗವನ್ನು ಬಹುಪಾಲು ರಾಜ್ಯದ ನಲ್ಲಿ ತುಂಬುತ್ತದೆ. ತೊಂದರೆಯಾಗುವುದು ಇಡೀ ಕೌಂಟಿಯ ಮೌಲ್ಯಗಳೇ ಮಾರುಕಟ್ಟೆಗಿಂತ ತೀರ ಕೆಳಗಿದ್ದಾಗ. ರಾಜ್ಯದ ಲೆಕ್ಕಾಧಿಕಾರಿ ತಾನೇ ಮೌಲ್ಯ ಅಧ್ಯಯನ ಮಾಡಿ, ವ್ಯತ್ಯಾಸ ಶೇಕಡಾ 5ರ ಅಂಚು ದಾಟಿದರೆ, 'ನಿಮ್ಮ ಊರಿನಲ್ಲಿ ಇಷ್ಟು ಆಸ್ತಿ ಇದೆ, ನೀವೇ ಕಡಿಮೆ ತೋರಿಸಿದ್ದೀರಿ' ಎಂದು ಶಾಲೆಯ ಅನುದಾನ ಕಡಿತ ಮಾಡಬಹುದು. ಅದರ ಹೊಣೆ ಮೌಲ್ಯಮಾಪಕರದು. ನಿಮ್ಮ ಮನೆಯ ಮೌಲ್ಯ ತಪ್ಪಿದ್ದರೆ ನೀವು ಧೈರ್ಯವಾಗಿ ಹೇಳಿ. ಆದರೆ ಒಂದು: ನಿಮ್ಮ ಮಿತಿಗೊಳಪಟ್ಟ ಮೌಲ್ಯ ಮಾರುಕಟ್ಟೆ ಮೌಲ್ಯಕ್ಕಿಂತ ಬಹಳ ಕೆಳಗಿದ್ದರೆ ತಕರಾರಿನಿಂದ ಆ ವರ್ಷ ಒಂದು ಡಾಲರೂ ಉಳಿಯುವುದಿಲ್ಲ. 2023ರಲ್ಲಿ ನೀವು 6.2 ಲಕ್ಷವನ್ನು 5.8ಕ್ಕೆ ಇಳಿಸಿದ್ದರೂ ತೆರಿಗೆ ಬೀಳುತ್ತಿದ್ದುದು 5.5 ಲಕ್ಷಕ್ಕೇ. 2025ರಲ್ಲಿ ಎರಡೂ ಒಂದೇ ಆಗಿವೆ. ಇನ್ನು ಮುಂದೆ ತಕರಾರಿಗೆ ಅರ್ಥವಿದೆ.

ಶಾಲಾ ತೆರಿಗೆ ಇಳಿದ ವರ್ಷವೂ ಮನೆ ಸಾಲದ ಕಂತು ಏಕೆ ಏರುತ್ತದೆ ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಬ್ಯಾಂಕಿನವರು ಎಸ್ಕ್ರೋ ಖಾತೆಯಲ್ಲಿ ತೆರಿಗೆ ಮತ್ತು ವಿಮೆ ಎರಡನ್ನೂ ಅಂದಾಜಿನ ಮೇಲೆ ಕೂಡಿಡುತ್ತಾರೆ. ಆಲಿಕಲ್ಲು ಮಳೆಯ ದೆಸೆಯಿಂದ ಡಲ್ಲಾಸ್ ಸುತ್ತ ವಿಮೆ ಏರಿರುವ ಪರಿಯಲ್ಲಿ ತೆರಿಗೆಯ ಇಳಿಕೆ ಕಾಣದಂತೆ ಮುಚ್ಚಿಹೋಗುತ್ತದೆ. ಕಂತು ನೋಡಿ ತೆರಿಗೆಯನ್ನು ಅಳೆಯಬೇಡಿ, ಅಕ್ಟೋಬರಿನ ಬಿಲ್ಲನ್ನೇ ನೋಡಿ.

ಕೊನೆಗೆ ನಿಮ್ಮ ಮಾವನವರ ವಿಷಯ. 65 ದಾಟಿದ ಮಾಲೀಕರಿಗೆ ಶಾಲಾ ತೆರಿಗೆಯಲ್ಲಿ ಹೆಚ್ಚುವರಿ ವಿನಾಯಿತಿ 10 ಸಾವಿರ ಇತ್ತು. 2025ರಿಂದ 60 ಸಾವಿರ, ಒಟ್ಟು 2 ಲಕ್ಷ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಅವರ ಶಾಲಾ ತೆರಿಗೆಯ ಮೊತ್ತ ಅವರು ಅರ್ಹರಾದ ವರ್ಷದ ಮಟ್ಟಕ್ಕೆ ಬೀಗ ಹಾಕಿಕೊಳ್ಳುತ್ತದೆ. ಮನೆಗೆ ಹೊಸ ಕೋಣೆ ಸೇರಿಸಿದರೆ ಹೊರತು ಮೇಲೇರುವುದಿಲ್ಲ. ಆದರೆ ಅವರು ನಿಮ್ಮ ಜೊತೆ ಇದ್ದಾರೆ ಎಂಬಷ್ಟಕ್ಕೆ ಇದು ಸಿಗುವುದಿಲ್ಲ. ಮನೆಯ ಪತ್ರದಲ್ಲಿ ಅವರ ಹೆಸರಿರಬೇಕು, ಅವರಿಗೆ ಇದೇ ಮುಖ್ಯ ವಾಸಸ್ಥಳವಾಗಿರಬೇಕು, ಈ ವಿಳಾಸದ ಟೆಕ್ಸಾಸ್ ಗುರುತಿನ ಚೀಟಿ ಇರಬೇಕು. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದವರಾದರೆ ಮಾತು ಅಲ್ಲಿಗೇ ಮುಗಿಯಿತು. ಗ್ರೀನ್ ಕಾರ್ಡಿನಲ್ಲಿದ್ದು ಇಲ್ಲೇ ನೆಲೆಸಿದ್ದರೂ, ವಿನಾಯಿತಿಯ ಆಸೆಗೆ ಪತ್ರದಲ್ಲಿ ಹೆಸರು ಸೇರಿಸುವ ಮೊದಲು ವಕೀಲರನ್ನು ಕಾಣಿ. ಹೆಸರು ಸೇರಿಸುವುದು ಕಾನೂನಿನ ಕಣ್ಣಲ್ಲಿ ದಾನ, ಬ್ಯಾಂಕಿನ ಕಣ್ಣಲ್ಲಿ ಸಾಲದ ಷರತ್ತಿನ ಪ್ರಶ್ನೆ, ನಾಳೆ ನಿಮ್ಮ ಯಜಮಾನರ ಅಣ್ಣ-ತಮ್ಮಂದಿರ ಕಣ್ಣಲ್ಲಿ ಪಿತ್ರಾರ್ಜಿತ ಪಾಲು. ನಿಮ್ಮ 1.06ರ ದರದಲ್ಲಿ 60 ಸಾವಿರಕ್ಕೆ ಉಳಿಯುವುದು ವರ್ಷಕ್ಕೆ 636 ಡಾಲರ್. ವಕೀಲರ ಒಂದು ಗಂಟೆಯ ಶುಲ್ಕ ಎಷ್ಟೆಂದು ಮೊದಲು ಕೇಳಿಕೊಳ್ಳಿ.